ಒರಳು ನಮ್ಮದು, ಎರವಲು ಅವರದು

ರಾಯರು ಲಂಡನ್ನಿನ ಮಗನ ಮನೆಯಿಂದ ಬಂದು ಹದಿನೈದು ದಿನವಾದರೂ ಫೋಟೊ ತೋರಿಸೋದು ಮುಗಿದಿರಲಿಲ್ಲ. ಮೊನ್ನೆ ಸಂಜೆ ಅವರ ಜಗಲಿ ಮೇಲೆ ಬ್ರಿಟಿಷ್ ಮ್ಯೂಸಿಯಂ ಸರದಿ.

“ನೋಡಿ, ಬೆನಿನ್ ಬ್ರಾಂಜ್! ಆಫ್ರಿಕಾದ ಬೆನಿನ್ ಅರಮನೆಯ ಕಂಚಿನ ಫಲಕಗಳು. ಕಂಬಿಗಳಿಗೆ ಸಾಲಾಗಿ ಸಿಕ್ಕಿಸಿದ್ದಾರೆ. ಎಂಟ್ರಿ ಬೇರೆ ಫ್ರೀ.”

“ಕದ್ದ ಮಾಲು ನೋಡೋಕೆ ಟಿಕೆಟ್ ಬೇರೆ ಇಡ್ತಾರಾ?” ಅಂದೆ.

“ಶುರುವಾಯ್ತು,” ಅಂತ ಕಿಟ್ಟಿ ಚಕ್ಕಳಮಕ್ಕಳ ಹಾಕಿ ಕೂತ.

“ಅದು ಬ್ರಾಂಜೂ ಅಲ್ಲ ರಾಯರೇ, ಬಹುಪಾಲು ಹಿತ್ತಾಳೆ. ಊರು ಬೆನಿನ್ ದೇಶದಲ್ಲೂ ಇಲ್ಲ, ನೈಜೀರಿಯಾದಲ್ಲಿದೆ. 1897ರ ಫೆಬ್ರವರೀಲಿ ಬ್ರಿಟಿಷ್ ಪಡೆ ನುಗ್ಗಿ ಅರಮನೆ ದೋಚಿತು. ರಾಜ ಓವೊನ್‌ರಾಮ್ವೆನ್‌ನ ಕಲಬಾರಿಗೆ ಗಡೀಪಾರು ಮಾಡಿದ್ರು.”

“ಸುಮ್ಮನೆ ನುಗ್ಗಿದ್ರಾ? ಹಿಂದಿನ ತಿಂಗಳು ಅವರ ಅಧಿಕಾರಿ ಫಿಲಿಪ್ಸ್ ತಂಡವನ್ನ ಕೊಂದಿದ್ದರಲ್ಲ!”

“ಅದಕ್ಕೆ ಹಿರಿಯರ ಪೂಜೆಗಿಟ್ಟಿದ್ದ ಹಿತ್ತಾಳೆ ತಲೆಗಳೇನು ಮಾಡಿದ್ವು?”

ರಾಯರು ಕನ್ನಡಕ ಒರೆಸಿಕೊಂಡರು. “ಅಲ್ಲೇ ಇದ್ದಿದ್ರೆ ಕಿಲುಬು ಹಿಡೀತಿತ್ತು. ಲಂಡನ್ನಿನಲ್ಲಾದ್ರೆ ಭದ್ರ.”

“ಭದ್ರ!” ಕಿಟ್ಟಿ ಮೊಬೈಲ್ ಎತ್ತಿದ. “2023ರಲ್ಲಿ ಅದೇ ಮ್ಯೂಸಿಯಮ್ಮಿನ ಸುಮಾರು 2000 ಸಾಮಾನು ಕಳುವಾಗಿಯೋ ಹಾಳಾಗಿಯೋ ಹೋಗಿದ್ದು ಹೊರಗೆ ಬಂತು. ಬೆನಿನ್‌ದಲ್ಲ ಬಿಡಿ, ಹರಳು, ಒಡವೆ. ಕೆಲವು ಈಬೇ ಅನ್ನೋ ಆನ್‌ಲೈನ್ ಸಂತೇಲಿ ಮಾರಾಟಕ್ಕಿದ್ವು.”

ನಾನು ಕಿಲುಬಿನ ಮಾತಲ್ಲೇ ನಿಂತಿದ್ದೆ. ಆ ಮಾತನ್ನ ಇದೇ ಜಗಲಿ ಮೇಲೆ ಮುಂಚೆಯೂ ಕೇಳಿದ್ದೆ. ಅದೆಷ್ಟನೆಯ ಗೋಕುಲಾಷ್ಟಮಿಯೋ, ನಮ್ಮಮ್ಮನ ಹಿತ್ತಾಳೆ ಚಕ್ಕುಲಿ ಒರಳು “ಎರಡು ದಿನಕ್ಕೆ” ಅಂತ ಈ ಮನೆಗೆ ಬಂದಿತ್ತು.

“ಕೊಡಬೇಕು ಅಂತ ಅವರಿಗೂ ಇರಬಹುದು,” ಅಂದರು ರಾಯರು, ದನಿ ಸ್ವಲ್ಪ ಇಳಿಸಿ. “1963ರ ಬ್ರಿಟಿಷ್ ಮ್ಯೂಸಿಯಂ ಕಾನೂನು ಬಿಡಲ್ಲವಂತೆ.”

“ಕಾನೂನು ಮಾಡಿದ್ದು?”

“ಅವರ ಪಾರ್ಲಿಮೆಂಟೇ.”

“ಬೀರುವಿಗೆ ನಾನೇ ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ‘ಅಯ್ಯೋ, ತೆಗೆಯೋಕಾಗ್ತಿಲ್ವಲ್ಲ’ ಅಂತ ಅಳೋದು! 1950ರ ನಂತರ ಕೆಲವನ್ನ ನೈಜೀರಿಯಾಕ್ಕೇ ಮಾರಿದ್ದೂ ಇದೇ ಮ್ಯೂಸಿಯಂ ರೀ. ಮಾರೋಕಾಗುತ್ತೆ, ಕೊಡೋಕಾಗಲ್ಲ. ಜರ್ಮನಿಯವರು 2022ರಲ್ಲಿ ಸಾವಿರಕ್ಕೂ ಹೆಚ್ಚು ಸಾಮಾನಿನ ಹಕ್ಕು ಬರೆದುಕೊಟ್ರು. ಲಂಡನ್ನಿನದೇ ಹಾರ್ನಿಮನ್ ಮ್ಯೂಸಿಯಂ 72 ಸಾಮಾನಿನ ಹಕ್ಕು ಬಿಟ್ಟುಕೊಡ್ತು. ಆಕಾಶವೇನೂ ಕಳಚಿ ಬೀಳಲಿಲ್ಲ.”

“ಕೊಡೋದು ಯಾರಿಗೆ? ಅಲ್ಲಿ ಬೆನಿನ್ನಿನ ಈಗಿನ ರಾಜನಿಗೋ ನೈಜೀರಿಯಾ ಸರ್ಕಾರಕ್ಕೋ ಅಂತ ಜಗಳ ನಡೆದಿತ್ತಲ್ಲ.”

“ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗಲಿಲ್ಲ ಅಂತ ಪಕ್ಕದ ಮನೆಯವನು ಗದ್ದೆ ಉಳಬಹುದಾ?”

ಕಿಟ್ಟಿ ತೊಡೆ ತಟ್ಟಿಕೊಂಡು ನಕ್ಕ. ನನಗೆ ಇನ್ನೂ ಹುರುಪು ಬಂತು. “ಕೊಡಲ್ಲ ಅಂದ್ರೆ ಕೊಡಲ್ಲ ಅನ್ನಲಿ, ಒಪ್ಪೋಣ. ನನಗೆ ಮೈ ಉರಿಯೋದು ಈ ‘ಎರವಲು’ ಅನ್ನೋ ಹೊಸ ಫ್ಯಾಷನ್ನಿಗೆ. ಘಾನಾದ ಅಸಾಂಟೆ ಅರಮನೆ ಚಿನ್ನವನ್ನ 2024ರಲ್ಲಿ ಅವರದೇ ಊರು ಕುಮಾಸಿಗೆ ಕಳಿಸಿದ್ರಲ್ಲ, ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎರಡೂ ಸೇರಿ 32 ಸಾಮಾನು, ಮೂರು ವರ್ಷಕ್ಕೆ ಎರವಲು! ಅಳಿಯನ ದುಡ್ಡಲ್ಲೇ ಅಳಿಯನಿಗೆ ದೀಪಾವಳಿ ಉಡುಗೊರೆ ಕೊಟ್ಟ ಮಾವನಾದ್ರೂ ವಾಪಸ್ ಕೇಳಲ್ಲ.”

ಕಿಟ್ಟಿ ಮೊಬೈಲಿಂದ ತಲೆ ಎತ್ತಲಿಲ್ಲ. “ಬೆನಿನ್ನಿನವರ ಎಡೋ ಭಾಷೇಲಿ ‘ನೆನಪಿಟ್ಟುಕೊಳ್ಳೋದು’ ಅನ್ನೋಕೆ ಇರೋ ಒಂದು ಮಾತಿನ ಅಕ್ಷರಶಃ ಅರ್ಥ ‘ಲೋಹದಲ್ಲಿ ಎರಕ ಹೊಯ್ಯೋದು’ ಅಂತೆ.”

ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

ಒಳಗಿಂದ ಸೀತಮ್ಮನವರು ಬಂದರು. ಒಂದು ಕೈಯಲ್ಲಿ ಚಕ್ಕುಲಿ ತಟ್ಟೆ, ಇನ್ನೊಂದರಲ್ಲಿ ಒರಳು. “ಎಲ್ಲಾ ಕೇಳಿಸ್ತು,” ಅಂದು ಒರಳನ್ನ ನನ್ನ ಮುಂದಿಟ್ಟರು. ಫಳಫಳ ಅಂತಿತ್ತು. ವರ್ಷಗಟ್ಟಲೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು ಪಾಪ. ಅಮ್ಮ ಪಾತ್ರೆ ಅಂಗಡೀಲಿ ನಿಂತು ಕೆತ್ತಿಸಿದ ಹೆಸರು ಹುಡುಕಿದೆ. ಕಿಟ್ಟಿ ಟಾರ್ಚ್ ಬಿಟ್ಟ. ‘ಕಮ’ ಉಳಿದಿತ್ತು, ‘ಲಮ್ಮ’ ಸವೆದುಹೋಗಿತ್ತು.

“ಬೇಕಾದ್ರೆ ತಗೊಂಡು ಹೋಗಿ,” ಅಂದರು ರಾಯರು ದೊಡ್ಡ ಮನಸ್ಸು ಮಾಡಿ. “ಅಷ್ಟಮಿ ಕಳೆದ ಮೇಲೆ ಮಾತ್ರ ಮರೀದೆ ಕೊಟ್ಬಿಡಿ.”

ನಾನು ಚಕ್ಕುಲಿ ಮುರಿದು ಬಾಯಿಗಿಟ್ಟೆ. ಎಳ್ಳು ಕಮ್ಮಿಯಾಗಿತ್ತು. ಮುಳ್ಳು ಮಾತ್ರ ಅಮ್ಮನ ಚಕ್ಕುಲಿದೇ.