ಜೆಸ್ಚರ್ ಡ್ರಾಯಿಂಗ್: ಬರೆಯುವಾಗ ಸರಿ, ಗೋಡೆಗೆ ಅಂಟಿಸಿದರೆ ತಪ್ಪು

ಡೊಂಬಿವಲಿ_ಗೆರೆ | ಮಂಗಳವಾರ, ರಾತ್ರಿ 11.40
ಫೋನಿನ ಚಿತ್ರ ನೋಡಿಕೊಂಡು ಜೆಸ್ಚರ್ ಡ್ರಾಯಿಂಗ್ ಮಾಡುತ್ತೇನೆ, ಅಂದರೆ ಮೈಯ ನಿಲುವನ್ನು ಬೇಗಬೇಗ ಗೆರೆಯಲ್ಲಿ ಹಿಡಿಯುವ ಅಭ್ಯಾಸ. ನಾಲ್ಕು ತಿಂಗಳಿನಿಂದ ಒಂದು ರಾತ್ರಿಯೂ ತಪ್ಪಿಸಿಲ್ಲ. 30 ಸೆಕೆಂಡಿನ ಪೋಸ್ ಇಪ್ಪತ್ತು, 2 ನಿಮಿಷದ್ದು ಹತ್ತು. ಬರೆಯುತ್ತಿರುವಾಗ ಆಕೃತಿ ಸರಿಯಾಗಿಯೇ ಕಾಣುತ್ತದೆ. ಬೆಳಿಗ್ಗೆ ಗೋಡೆಗೆ ಅಂಟಿಸಿದರೆ ತಲೆ ದೊಡ್ಡದು, ಎದೆ ಉದ್ದ, ಕಾಲು ಮೋಟು. ಸಾಲದ್ದಕ್ಕೆ ನಿಂತವರೆಲ್ಲ ಬಲಕ್ಕೆ ವಾಲಿರುತ್ತಾರೆ. ನಿನ್ನೆ ಮೂವತ್ತು ಹಾಳೆಯನ್ನೂ ಹರಿದು ಹಾಕಿದೆ. ನನ್ನ ಕಣ್ಣೇ ಸರಿಯಿಲ್ಲವೇ?

ಮಾಟುಂಗಾ_ಇದ್ದಿಲು | ಬುಧವಾರ, ಬೆಳಿಗ್ಗೆ 7.05
ಕಣ್ಣಲ್ಲ, ಮಣಿಕಟ್ಟು. ಪೆನ್ಸಿಲನ್ನು ಅಕ್ಷರ ಬರೆಯುವಂತೆ ಹಿಡಿದಿರುತ್ತೀರಿ, ಅದಕ್ಕೇ ಎಲ್ಲ ಕೆಡುತ್ತಿದೆ. ಮೆದು ಚಾರ್ಕೋಲ್ (ಇದ್ದಿಲು) ಕಡ್ಡಿಯನ್ನು ಅಂಗೈ ಕೆಳಗೆ ಅಡ್ಡ ಹಿಡಿಯಿರಿ, ತೋಳನ್ನು ಭುಜದಿಂದ ಬೀಸಿ. ಮೊದಲ ಗೆರೆ ತಲೆಯದ್ದಲ್ಲ. ಕತ್ತಿನ ಗುಳಿಯಿಂದ ಬೆನ್ನುಮೂಳೆಯ ಬಾಗು ಹಿಡಿದು, ಭಾರ ಹೊತ್ತ ಪಾದದವರೆಗೆ ಒಂದೇ ಉಸಿರಿನಲ್ಲಿ ಬರಬೇಕು. ರಬ್ಬರನ್ನು ಮನೆಯಿಂದಲೇ ಹೊರಗೆ ಹಾಕಿ.

ಡೊಂಬಿವಲಿ_ಗೆರೆ | ಶನಿವಾರ, ರಾತ್ರಿ 12.10
ಸರ್, ಮೂರು ರಾತ್ರಿ ನೀವು ಹೇಳಿದಂತೆಯೇ ಮಾಡಿದೆ. ಗೆರೆಯಲ್ಲಿ ಓಟ ಬಂದಿದೆ, ನಿಜ. ಆದರೆ ತಲೆ ಅಷ್ಟೇ ದೊಡ್ಡದು, ವಾಲುವುದೂ ಅಷ್ಟೇ.

ಮಾಟುಂಗಾ_ಇದ್ದಿಲು | ಶನಿವಾರ, ಬೆಳಿಗ್ಗೆ 6.50
ಹಾಗಾದರೆ ನಿಮಗೆ ಸಿಕ್ಕಿರುವುದು ಒತ್ತಿ ಮಾಡಿದ ಗಟ್ಟಿ ಚಾರ್ಕೋಲ್. ಅದು ಒರೆಸಿದರೂ ಪೂರ್ತಿ ಹೋಗುವುದಿಲ್ಲ. ಹೋಗದ ಗೆರೆಗೆ ಕೈ ಹೆದರುತ್ತದೆ. ಬಳ್ಳಿ ಅಥವಾ ವಿಲೋ ಕಡ್ಡಿಯದ್ದನ್ನೇ ಕೇಳಿ ತನ್ನಿ. ಕಾಗದ ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚು ಹಾಕುವ ಕಾಗದ) ಆಗಿರಲಿ.

ಘಾಟ್ಕೋಪರ್_ಕುಂಚ | ಶನಿವಾರ, ಬೆಳಿಗ್ಗೆ 9.30
ಮುಂಬಯಿಯ ಜುಲೈ ತಿಂಗಳಲ್ಲಿ ನ್ಯೂಸ್‌ಪ್ರಿಂಟೇ? ಗಾಳಿಯ ತೇವಕ್ಕೆ ಹಾಳೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಅದರ ಮೇಲೆ ಚಾರ್ಕೋಲ್ ಜಾರುವುದೇ ಇಲ್ಲ. ಮಳೆಗಾಲ ಮುಗಿಯುವ ತನಕ ಬಾಲ್‌ಪೆನ್ ಸಾಕು.

ಮಾಟುಂಗಾ_ಇದ್ದಿಲು | ಶನಿವಾರ, ಬೆಳಿಗ್ಗೆ 9.48
ಬಾಲ್‌ಪೆನ್ ಹಿಡಿದರೆ ಕೈ ಮತ್ತೆ ಮಣಿಕಟ್ಟಿಗೇ ಇಳಿಯುತ್ತದೆ. ಇಪ್ಪತ್ತು ಮಳೆಗಾಲ ನ್ಯೂಸ್‌ಪ್ರಿಂಟ್ ಮೇಲೆಯೇ ಬರೆದಿದ್ದೇನೆ. ಹಾಳೆಯ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು, ಅಷ್ಟೇ.

ಕೋಥರೂಡ್_ಸ್ಟುಡಿಯೊ | ಶನಿವಾರ, ಮಧ್ಯಾಹ್ನ 1.15
ಪುಣೆಯಲ್ಲಿ ಈ ತೊಂದರೆ ಅಷ್ಟಿಲ್ಲ. ನನ್ನ ಕೋಣೆಗೆ ಉತ್ತರದ ಕಿಟಕಿ ಇದೆ, ದಿನವಿಡೀ ಬೆಳಕು ಹೆಚ್ಚು ಬದಲಾಗುವುದಿಲ್ಲ. ಕಳೆದ ವರ್ಷ ಬೀಚ್ ಮರದ ಈಸೆಲ್ (ಬರೆಯುವ ಬೋರ್ಡು ನಿಲ್ಲಿಸುವ ಸ್ಟ್ಯಾಂಡು) ತರಿಸಿದೆ. ಹಿಡಿ ತಿರುಗಿಸಿದರೆ ಬೋರ್ಡು ಮೇಲೆ ಕೆಳಗೆ ಹೋಗುತ್ತದೆ. ರಾತ್ರಿಗೆ ಹಗಲಿನಂಥ ಬಿಳಿ ಬೆಳಕಿನ ಎರಡು ದೀಪ. ಮೂಳೆ, ಸ್ನಾಯು ಕಲಿಯದೆ ಜೆಸ್ಚರ್‌ಗೆ ಕೈ ಹಾಕಿದ್ದೇ ಇವರ ತಪ್ಪು.

ಘಾಟ್ಕೋಪರ್_ಕುಂಚ | ಶನಿವಾರ, ಮಧ್ಯಾಹ್ನ 2.00
ಇದನ್ನು ಒಪ್ಪುವುದಿಲ್ಲ. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದವರು, ಅಲ್ಲಿಯೇ ಕಲಿಸಿದವರು. ಆದರೂ ಲಯವನ್ನು ಮೈಯಲ್ಲಿ ತಿಳಿಯಬೇಕೆಂದು ಕಥಕ್ ಕಲಿತರು. ಅವರು ಬರೆದ ನರ್ತಕಿಯರಲ್ಲಿ ಸ್ನಾಯು ಎಣಿಸಲು ಹೋಗಿ ನೋಡೋಣ.

ಕೋಥರೂಡ್_ಸ್ಟುಡಿಯೊ | ಶನಿವಾರ, ಮಧ್ಯಾಹ್ನ 2.20
ಎಣಿಸಲು ಬಾರದಿದ್ದರೂ ಅವರಿಗೆ ಅವು ಗೊತ್ತಿದ್ದವು. ನಾನು ಹೇಳಿದ್ದು ಅದನ್ನೇ.

ರಂಗೋಲಿ_ಅಕ್ಕ | ಭಾನುವಾರ, ಬೆಳಿಗ್ಗೆ 8.00
ತಂಗೀ, ಕಾಗದವನ್ನು ಎಲ್ಲಿ ಇಟ್ಟುಕೊಂಡು ಬರೆಯುತ್ತೀಯ?

ಡೊಂಬಿವಲಿ_ಗೆರೆ | ಭಾನುವಾರ, ಬೆಳಿಗ್ಗೆ 8.25
ನೆಲದ ಮೇಲೆ. ಅಡುಗೆಮನೆ ಬಿಟ್ಟರೆ ನಮಗಿರುವುದು ಒಂದೇ ಕೋಣೆ, ಮಕ್ಕಳು ಅಲ್ಲಿ ಮಲಗಿರುತ್ತಾರೆ. ಒಲೆಯ ಕಟ್ಟೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ದೊಡ್ಡ ಹಾಳೆ ಹಾಸಿಕೊಳ್ಳುತ್ತೇನೆ. ಇದನ್ನೂ ಹೇಳಬೇಕಿತ್ತೇ?

ರಂಗೋಲಿ_ಅಕ್ಕ | ಭಾನುವಾರ, ಬೆಳಿಗ್ಗೆ 9.10
ಹೇಳಬೇಕಾದದ್ದು ಅದೊಂದೇ. ಗುಡಿ ಪಾಡ್ವಾಕ್ಕೆ ನಾನು ಅಂಗಳದಲ್ಲಿ ದೊಡ್ಡ ಆಕೃತಿಯ ರಂಗೋಲಿ ಹಾಕುತ್ತೇನೆ. ಮೊದಲ ವರ್ಷ ಪಾದದ ಕಡೆ ಕೂತು ಬರೆದೆ. ಮೂರನೇ ಮಹಡಿಯಿಂದ ನೋಡಿದರೆ ದೇವಿಗೆ ಕುಂಬಳಕಾಯಿಯಂಥ ಮುಖ. ಓರೆಯಾಗಿ ನೋಡುವಾಗ ದೂರದ ಭಾಗ ಕುಗ್ಗಿ ಕಾಣುತ್ತದೆ, ಕೈ ಅದನ್ನು ಸರಿಮಾಡಲು ಹಿಗ್ಗಿಸಿ ಬರೆಯುತ್ತದೆ. ಲೆಕ್ಕ ಹಾಕು: ಕಣ್ಣು ನೆಲದಿಂದ 65 ಸೆಂ.ಮೀ. ಮೇಲೆ, ಹಾಳೆಯ ಹತ್ತಿರದ ಅಂಚು ನಿನ್ನಿಂದ 20 ಸೆಂ.ಮೀ. ಆಚೆ, ಹಾಳೆಯ ಉದ್ದ 60. ಆಗ ಹಾಳೆಯ ಮೇಲಿನ ಅರ್ಧ, ಕೆಳಗಿನ ಅರ್ಧದ ಮೂರನೇ ಎರಡು ಭಾಗದಷ್ಟೇ ಕಾಣುತ್ತದೆ. ಹೆದ್ದಾರಿಯ ಮೇಲೆ ಅಕ್ಷರಗಳನ್ನು ಉದ್ದುದ್ದ ಬರೆಯುವುದೂ ಇದೇ ಕಾರಣಕ್ಕೆ. ನಿನ್ನ ಕಣ್ಣು ಸರಿಯಾಗಿಯೇ ಇದೆ, ತಂಗೀ.
ವಾಲುವುದಕ್ಕೆ ಇನ್ನೊಂದು ಪ್ರಶ್ನೆ. ಬಲಗೈಯವಳೇ? ನೋಟ್‌ಬುಕ್ಕಿನಂತೆ ಹಾಳೆಯ ತಲೆಯನ್ನು ಎಡಕ್ಕೆ ತಿರುಗಿಸಿಕೊಳ್ಳುತ್ತೀಯೇ?

ಡೊಂಬಿವಲಿ_ಗೆರೆ | ಭಾನುವಾರ, ಬೆಳಿಗ್ಗೆ 9.20
ಹೌದು. ಎರಡೂ ಹೌದು.

ರಂಗೋಲಿ_ಅಕ್ಕ | ಭಾನುವಾರ, ಬೆಳಿಗ್ಗೆ 9.35
ಅದಕ್ಕೇ ವಾಲುವುದು. ತಿರುಗಿಸಿದ ಹಾಳೆಯ ಮೇಲೆ ನಿನಗೆ ನೇರವಾಗಿ ಕಂಡದ್ದು, ಹಾಳೆಯನ್ನು ನೇರ ಅಂಟಿಸಿದಾಗ ಬಲಕ್ಕೆ ವಾಲುತ್ತದೆ. ಈಸೆಲ್ ಬೇಡ. ಪ್ಲೈವುಡ್ ಹಲಗೆಗೆ ಹಾಳೆಯನ್ನು ಕ್ಲಿಪ್ ಮಾಡಿ, ಅಕ್ಕಿ ಡಬ್ಬಕ್ಕೆ ಒರಗಿಸು. ನೋಟ ಹಾಳೆಯ ನಡುವಿಗೆ ನೇರವಾಗಿ ಬೀಳುವಷ್ಟು ಎತ್ತರಿಸಿದರೆ ಸಾಕು. ಹಲಗೆಯ ಮೇಲಂಚಿನಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಡು, ಗಾರೆಯವರ ತೂಗುಗುಂಡಿನ ಹಾಗೆ. ಒಂದೇ ಕಾಲಿನ ಮೇಲೆ ನಿಂತ ಪೋಸ್‌ನಲ್ಲಿ ಕತ್ತಿನ ಗುಳಿಯಿಂದ ಇಳಿದ ದಾರ ಆ ಪಾದದ ಒಳಬದಿಯ ಕಾಲ್ಗಿಣ್ಣಿನ ಹತ್ತಿರ ಬರಬೇಕು. ಆ ಕಡೆಯ ಸೊಂಟ ಏರಿರುತ್ತದೆ, ಭುಜ ಇಳಿದಿರುತ್ತದೆ.

ಮಾಟುಂಗಾ_ಇದ್ದಿಲು | ಭಾನುವಾರ, ಬೆಳಿಗ್ಗೆ 10.05
ಸರಿಯಾದ ಮಾತು. ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದು. ಆದರೂ ಮೆದು ಚಾರ್ಕೋಲ್ ಬಿಡಬೇಡಿ. ಫೋನಿನ ಚಿತ್ರಗಳನ್ನು ಮಾತ್ರ ಬಿಡಿ. ಶಿವಾಜಿ ಪಾರ್ಕಿಗೆ ಹೋಗಿ ಮಲ್ಲಕಂಬದ ಹುಡುಗರನ್ನು ಬರೆಯಿರಿ. ಅವರು 30 ಸೆಕೆಂಡ್ ಕೂಡ ಕಾಯುವುದಿಲ್ಲ.

ಡೊಂಬಿವಲಿ_ಗೆರೆ | ಗುರುವಾರ, ರಾತ್ರಿ 11.55
ನಾಲ್ಕು ರಾತ್ರಿಯ ಹಾಳೆಗಳು ಗೋಡೆಯ ಮೇಲಿವೆ, ಒಂದನ್ನೂ ಹರಿದಿಲ್ಲ. ತಲೆ ತಲೆಯಷ್ಟೇ ಇದೆ, ನಿಂತವರು ನಿಂತಿದ್ದಾರೆ. ಅಕ್ಕಾ, ನಿಮಗೆ ಹೇಗೆ ಧನ್ಯವಾದ ಹೇಳಲಿ. ಇಂದು 8.12ರ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವರನ್ನೂ ಬರೆದೆ, ಅಲ್ಲಿ ಸಿಕ್ಕಿಕೊಂಡಿದ್ದೇನೆ: ಕೂತವರಿಗೆ ತೂಗುಗುಂಡು ಎಲ್ಲಿಂದ ಇಳಿಯಬೇಕು?

ಮಾಟುಂಗಾ_ಇದ್ದಿಲು | ಶುಕ್ರವಾರ, ಬೆಳಿಗ್ಗೆ 6.45
ಕೂತವರಿಗೆ ದಾರ ಬೇಡ. ಮೈ ಸೀಟಿಗೆ ಒತ್ತುವ ಜಾಗದಲ್ಲಿ ಮೊದಲ ಗೆರೆಯನ್ನು ಗಾಢವಾಗಿ ಎಳೆಯಿರಿ, ಅಲ್ಲಿಂದ ಬೆನ್ನನ್ನು ಮೇಲಕ್ಕೆ ಹತ್ತಿಸಿ. ಹಾಳೆಯ ಚಿತ್ರ ಹಾಕಿ, ನೋಡೋಣ.