ಹಳೆಯ ಮೋಟಾರು ದೋಣಿಗೆ ಸ್ಪೀಡೋಮೀಟರ್: ಯಾವ ಬಗೆಯದು ಸೂಕ್ತ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಹಾರಕ್ಕೆಂದು ಬಳಸುವ, ಔಟ್‌ಬೋರ್ಡ್ (ಹಿಂಬದಿಯ ಹೊರಗೆ ಕೂರಿಸುವ) ಎಂಜಿನ್ನಿನ ಹಳೆಯ ಫೈಬರ್ ದೋಣಿಯೊಂದು ನನ್ನಲ್ಲಿದೆ. ಡ್ಯಾಶ್‌ಬೋರ್ಡಿನಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳ) ಮೀಟರ್ ಮತ್ತು ಇಂಧನದ ಮೀಟರ್ ಇವೆಯೇ ಹೊರತು ವೇಗ ತೋರಿಸುವ ಸಾಧನ ಯಾವುದೂ ಇಲ್ಲ. ಅವುಗಳ ಪಕ್ಕದಲ್ಲಿ ಮುಚ್ಚಳ ಹಾಕಿದ ದುಂಡನೆಯ ಖಾಲಿ ಜಾಗವೊಂದಿದೆ. ಗಾಳಿ ತುಂಬಿದ ಟ್ಯೂಬಿನಲ್ಲಿ ಮಕ್ಕಳನ್ನು ಕೂರಿಸಿ ಎಳೆಯುವಾಗ ವೇಗವನ್ನು ಅಂದಾಜಿಗೆ ಬಿಡಬಾರದು ಎಂಬುದು ನನ್ನ ಮುಖ್ಯ ಕಾಳಜಿ. ನೀರಿನ ಒತ್ತಡದಿಂದ ನಡೆಯುವ ಮೀಟರ್, ನೀರಿನ ಹರಿವಿಗೆ ತಿರುಗುವ ಪುಟ್ಟ ಚಕ್ರದ ಸೆನ್ಸರ್, ಜಿಪಿಎಸ್ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ? ಎಂಜಿನ್ ಕೂರಿಸಿರುವ ಹಿಂಬದಿಯ ಗೋಡೆಯಲ್ಲಿ ಹೊಸ ರಂಧ್ರ ಕೊರೆಯದೆ ಸಾಧ್ಯವಾದರೆ ಒಳ್ಳೆಯದು.

ಉತ್ತರ 1

ಏನನ್ನಾದರೂ ಕೊಳ್ಳುವ ಮೊದಲು ಎಂಜಿನ್ನಿನ ಕೆಳಭಾಗವನ್ನು ಒಮ್ಮೆ ಹತ್ತಿರದಿಂದ ನೋಡಿ. ಪ್ರೊಪೆಲ್ಲರಿನ ಮುಂದಿರುವ ಗೇರ್ ಪೆಟ್ಟಿಗೆಯ ಮೇಲ್ಭಾಗದಲ್ಲಿ, ನೀರನ್ನು ಸೀಳಿಕೊಂಡು ಹೋಗುವ ಅಂಚಿನ ನಡುಮಧ್ಯೆ, ಮುಂದಕ್ಕೆ ಮುಖ ಮಾಡಿದ ಸಣ್ಣ ರಂಧ್ರವಿದೆಯೇ? ಅನೇಕ ಎಂಜಿನ್‌ಗಳಲ್ಲಿ ತಯಾರಿಕೆಯ ಹಂತದಲ್ಲಿಯೇ ಇದನ್ನು ಇಟ್ಟಿರುತ್ತಾರೆ. ಒಳಗಿನ ಸಣ್ಣ ಕೊಳವೆಯೊಂದು ಅಲ್ಲಿಂದ ಮೇಲಕ್ಕೆ ಬಂದಿರುತ್ತದೆ. ಅದರ ತುದಿಗೆ ಪೈಪ್ ಸಿಕ್ಕಿಸಿ, ಮತ್ತೊಂದು ತುದಿಯನ್ನು ಮೀಟರಿನ ಹಿಂಬದಿಗೆ ಜೋಡಿಸಿದರೆ ಸಾಕು. ಗೋಡೆಯನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಇದು 18ನೆಯ ಶತಮಾನದಲ್ಲಿ ಫ್ರಾನ್ಸಿನ ಹೆನ್ರಿ ಪಿಟೋ ರೂಪಿಸಿದ ನಳಿಕೆಯ ತತ್ವ. ದೋಣಿ ಮುಂದಕ್ಕೆ ಹೋದಂತೆ ರಂಧ್ರಕ್ಕೆ ನೀರು ಒತ್ತುತ್ತದೆ, ಆ ಒತ್ತಡವನ್ನೇ ಮೀಟರು ವೇಗವನ್ನಾಗಿ ತೋರಿಸುತ್ತದೆ. ಆದರೆ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಗಂಟೆಗೆ 36 ಕಿ.ಮೀ. ವೇಗದಲ್ಲಿ ಸುಮಾರು ಅರ್ಧ ಬಾರ್ ಒತ್ತಡ ಸಿಕ್ಕರೆ, 18 ಕಿ.ಮೀ.ಯಲ್ಲಿ ಅದರ ಕಾಲುಭಾಗ ಮಾತ್ರ ಸಿಗುತ್ತದೆ, 9 ಕಿ.ಮೀ.ಯಲ್ಲಿ ಹದಿನಾರನೆಯ ಒಂದು ಭಾಗ. ಹೀಗಾಗಿ ನಿಧಾನವಾಗಿ ಸಾಗುವಾಗ ಮುಳ್ಳು ಮೇಲೇಳುವುದೇ ಇಲ್ಲ ಎನ್ನಬಹುದು. ಆಗ ಮೀಟರು ಕೆಟ್ಟಿದೆಯೆಂದು ಭಾವಿಸಬೇಡಿ.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಆದರೂ ಮಕ್ಕಳನ್ನು ಎಳೆಯುವುದು ಕಡಿಮೆ ವೇಗದಲ್ಲಿ ಆಗುವ ಕೆಲಸವಾದ್ದರಿಂದ ನನ್ನ ಒಲವು ಜಿಪಿಎಸ್ ಕಡೆಗಿದೆ. ನೀರಿನೊಳಗೆ ಯಾವ ಭಾಗವೂ ಇಳಿಯದ ಕಾರಣ ಪಾಚಿ ಕಟ್ಟುವ, ಕಸ ಸಿಕ್ಕಿಕೊಳ್ಳುವ ತೊಂದರೆ ಇದಕ್ಕಿಲ್ಲ, ನಿಧಾನಗತಿಯಲ್ಲಿಯೂ ನಂಬಿಕೆಗೆ ಅರ್ಹವಾದ ಅಂಕಿಯನ್ನು ಕೊಡುತ್ತದೆ. ಇಗ್ನಿಷನ್ ಸ್ವಿಚ್ಚಿನ ನಂತರದ 12 ವೋಲ್ಟ್ ಲೈನಿನಿಂದ ಫ್ಯೂಸ್ ಹಾಕಿ ಸಂಪರ್ಕ ಕೊಡಿ. ಆಂಟೆನಾ ಲೋಹದ ಮರೆಯಲ್ಲಿರಬಾರದು; ಫೈಬರಿನ ಕೆಳಗಿದ್ದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಡ್ಯಾಶ್‌ಬೋರ್ಡಿನ ಖಾಲಿ ಜಾಗವನ್ನು ಅಳೆದುಕೊಂಡೇ ಮೀಟರ್ ತರಿಸಿಕೊಳ್ಳಿ. ದೊಡ್ಡ ಮೀಟರುಗಳಿಗೆ ಸುಮಾರು 85 ಮಿ.ಮೀ. ಅಗಲದ ರಂಧ್ರ ಬೇಕಾಗುತ್ತದೆ. ಮುಖದ ಮೇಲಿನ ಅಂಕಿಗಳು ಕಿಲೋಮೀಟರಿನಲ್ಲಿವೆಯೋ, ಮೈಲಿಯಲ್ಲೋ, ನಾಟ್‌ನಲ್ಲೋ ಎಂಬುದನ್ನೂ ನೋಡಿಕೊಳ್ಳಿ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.

ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗವನ್ನು. ನಿಂತ ನೀರಿನಲ್ಲಿ ಇದಕ್ಕೂ ನೀರಿಗೆ ಹೋಲಿಸಿದ ವೇಗಕ್ಕೂ ವ್ಯತ್ಯಾಸವಿಲ್ಲ, ಆದರೆ ಗಂಟೆಗೆ 5 ಕಿ.ಮೀ. ಹರಿಯುವ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಹೋಗುತ್ತಾ ಜಿಪಿಎಸ್ 20 ಎಂದು ತೋರಿಸಿದರೆ, ಟ್ಯೂಬಿನಲ್ಲಿರುವ ಮಗುವಿಗೆ ತಾಗುತ್ತಿರುವುದು 25ರ ವೇಗದ ನೀರು. ನದಿಯಲ್ಲಿ ದೋಣಿ ನಡೆಸುವವರು ಈ ಲೆಕ್ಕವನ್ನು ಮರೆಯುವಂತಿಲ್ಲ.

ಉತ್ತರ 3

ಚಕ್ರದ ಸೆನ್ಸರ್ ಕಡಿಮೆ ವೇಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಅದನ್ನು ಗೋಡೆಗೆ ಸ್ಕ್ರೂ ಹಾಕಿಯೇ ಕೂರಿಸಬೇಕು. ಹಳೆಯ ಫೈಬರ್ ದೋಣಿಗಳ ಹಿಂಬದಿ ಗೋಡೆಯೊಳಗೆ ಬಹುಪಾಲು ಪ್ಲೈವುಡ್ ಇರುತ್ತದೆ; ಸೀಲ್ ಮಾಡದ ಒಂದೇ ಒಂದು ಸ್ಕ್ರೂ ರಂಧ್ರದಿಂದ ನೀರು ಒಳಸೇರಿದರೂ ಮರ ಕೊಳೆಯತೊಡಗುತ್ತದೆ, ಎಂಜಿನ್ನಿನ ಪೂರ್ತಿ ಭಾರವನ್ನು ಹೊರುವುದು ಅದೇ ಮರ. ತಮ್ಮ ಹಿಂಜರಿಕೆ ಸರಿಯಾಗಿಯೇ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗೇರ್ ಪೆಟ್ಟಿಗೆಯ ಅಂಚಿನಲ್ಲಿ ರಂಧ್ರ ಇದೆ, ಒಣಗಿದ ಮಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದೆ. ಇದನ್ನು ಬಿಡಿಸುವ ಬಗೆ ಹೇಗೆ? ಜೋಡಿಸಿದ ಮೇಲೆ ಮೀಟರು ನಿಜ ಹೇಳುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ 1 ನೀಡಿದವರು

ತೆಳುವಾದ ತಂತಿಯಿಂದ ಮಣ್ಣನ್ನು ಮೆಲ್ಲನೆ ಸಡಿಲಿಸಿ, ನಂತರ ಮೇಲಿನ ತುದಿಯಿಂದ ಗಾಳಿ ಊದಿರಿ. ಮುಂದೆ ಎಂದಾದರೂ ಊದಬೇಕಾಗಿ ಬಂದರೆ ಮೊದಲು ಮೀಟರಿನಿಂದ ಪೈಪನ್ನು ಕಳಚಲೇಬೇಕು. ಪಂಪಿನ ಗಾಳಿಯ ಒತ್ತಡ ಮೀಟರಿನೊಳಕ್ಕೆ ನುಗ್ಗಿದರೆ ಅದು ಹಾಳಾಗುತ್ತದೆ. ಪೈಪು ಎಲ್ಲಿಯೂ ಮಡಚಿಕೊಳ್ಳದಂತೆ, ಎಂಜಿನ್ನನ್ನು ಪೂರ್ತಿ ತಿರುಗಿಸಿದಾಗಲೂ ಮೇಲಕ್ಕೆತ್ತಿದಾಗಲೂ ಎಳೆತ ಬೀಳದಂತೆ ಸಡಿಲವಾಗಿ ಬಿಡಿ.

ಪರೀಕ್ಷೆಗೆ ಫೋನಿನ ಜಿಪಿಎಸ್ ಸಾಕು. ಒಂದೇ ಆರ್‌ಪಿಎಂನಲ್ಲಿ, ಒಂದೇ ದಾರಿಯಲ್ಲಿ ಹೋಗಿ ಬಂದು ಎರಡೂ ದಿಕ್ಕಿನ ಜಿಪಿಎಸ್ ಅಂಕಿಗಳ ಸರಾಸರಿ ತೆಗೆದರೆ ಪ್ರವಾಹದ ಪ್ರಭಾವ ಕಳೆದುಹೋಗುತ್ತದೆ; ಅದನ್ನು ಮೀಟರಿನ ಅಂಕಿಯೊಂದಿಗೆ ಹೋಲಿಸಿ. ಫೋನನ್ನು ಜೊತೆಗಿರುವ ಹಿರಿಯರೊಬ್ಬರು ನೋಡಲಿ, ದೋಣಿ ನಡೆಸುವವರ ಕಣ್ಣು ನೀರಿನ ಮೇಲಿರಲಿ. ಮಕ್ಕಳನ್ನು ಎಳೆಯುವಷ್ಟು ಕಡಿಮೆ ವೇಗದಲ್ಲಿ ಮುಳ್ಳು ಸ್ಥಿರವಾಗಿ ನಿಲ್ಲದಿದ್ದರೆ, ಆ ವೇಗಕ್ಕೆ ಸರಿಹೊಂದುವ ಆರ್‌ಪಿಎಂ ಎಷ್ಟೆಂದು ಗುರುತಿಸಿಕೊಂಡು, ಹಿಂದೆ ಟ್ಯೂಬು ಕಟ್ಟಿದ ಸ್ಥಿತಿಯಲ್ಲಿ ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಎಳೆತದ ಭಾರದಿಂದ ಅದೇ ಆರ್‌ಪಿಎಂಗೆ ಸಿಗುವ ವೇಗ ಕಡಿಮೆಯಾಗುತ್ತದೆ.