ಅಪ್ಪ ತಮ್ಮ ಕೈ ಬಗ್ಗೆ ತಮಾಷೆ ಮಾಡಿದಾಗ ನಾವು ನಗಬೇಕಾ?

ಮಗ್ಗದಮನೆ (ಗದಗ-ಬೆಟಗೇರಿ):
ಅಪ್ಪನಿಗೆ 74 ವರ್ಷ. ಇಡೀ ಆಯುಷ್ಯ ಬೆಟಗೇರಿಯಲ್ಲಿ ಸೀರೆ ನೇಯ್ದವರು. ಹೋದ ದಸರಾ ಮುಂದೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿವೆ. ಮಾತು ಚೆನ್ನಾಗಿದೆ. ಯಾರಾದರೂ ನೋಡಲು ಬಂದರೆ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆ ಮೇಲೆ ಇಟ್ಟುಕೊಂಡು, "ಇವ ನಮ್ಮನಿ ಅಳಿಯ. ಹತ್ತ ಸಲ ಕರದ್ರೂ ಬರೂದಿಲ್ಲ" ಅಂತಾರೆ. ಬಂದವರು ನಗುತ್ತಾರೆ. ಅವ್ವ ಎದ್ದು ಒಳಗೆ ಹೋಗುತ್ತಾಳೆ.

ಮೊನ್ನೆ ನನ್ನ ಏಳು ವರ್ಷದ ಮಗಳು ಒಗಟು ಕೇಳಿದಳು: "ಕಾಲು ಅದಾವು, ನಡೆಯಂಗಿಲ್ಲ. ಏನದು?" ಉತ್ತರ ಮಂಚ. ಅಪ್ಪ ಥಟ್ಟನೆ "ನಾನು!" ಅಂದರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ದುಃಖ ಮುಚ್ಚಿಕೊಳ್ಳಲು ಹೀಗೆ ಮಾಡ್ತಾರಾ? ನಾವೂ ನಕ್ಕರೆ ತಪ್ಪಾ? ಮಗಳು ಅದೇ ಒಗಟನ್ನು ದಿನಾ ಕೇಳ್ತಾಳೆ. ತಡೆಯಬೇಕಾ?

ಶಾಲೆ ಅಕ್ಕೋರು (ಹುಬ್ಬಳ್ಳಿ):
ತಡೆಯಬೇಡಿ. ಕೂಸು ಮೂರು-ನಾಲ್ಕು ತಿಂಗಳಿಗೇ ದನಿ ತೆಗೆದು ನಗುತ್ತೆ. ಎರಡು ವರ್ಷದ ಮಗು ಬೇಕಂತಲೇ ನಾಯಿಗೆ ಬೆಕ್ಕು ಅಂದು ನಗುತ್ತೆ. ಒಂದೇ ಮಾತಿಗೆ ಎರಡು ಅರ್ಥ ಇರುತ್ತೆ ಅನ್ನೋದು ಚೆನ್ನಾಗಿ ಹೊಳೆಯೋದು ಆರು-ಏಳನೇ ವರ್ಷಕ್ಕೆ. ಮಂಚಕ್ಕೂ ಕಾಲು, ಅಜ್ಜನಿಗೂ ಕಾಲು! ಆ ಗುಟ್ಟು ಸಿಕ್ಕ ಖುಷಿಗೆ ನೂರು ಸಲ ಕೇಳ್ತಾರೆ. ನನ್ನ ಎರಡನೇ ತರಗತಿಯಲ್ಲಿ ದಿನಾ ಇದೇ ಗದ್ದಲ. ಆದರೆ ಅಜ್ಜನ ಕಾಲಿನ ತಮಾಷೆಯನ್ನು ಅಜ್ಜನೇ ಶುರು ಮಾಡಬೇಕು, ಅವಳಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ, ತಿಳಿಯುತ್ತೆ.

ವರದಾತೀರ (ಹಾವೇರಿ):
ಲಕ್ವಾ ಆದವರಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಧೈರ್ಯವಾಗಿ ನಗ್ರಿ ಅಣ್ಣಾರ. "ಅಳಿಯ ಬರೂದಿಲ್ಲ" ಅನ್ನೋದು ಬೇರೆ, "ನಾನು ಭೂಮಿಗೆ ಭಾರ" ಅಂತ ನಗುತ್ತಾ ಹೇಳೋದು ಬೇರೆ. ಮೊದಲನೆಯದರಲ್ಲಿ ಕೈ ಸೋತಿದೆ, ಮನುಷ್ಯ ಸೋತಿಲ್ಲ. ಎರಡನೆಯದು ಕೇಳಿಬಂದರೆ ಸುಮ್ನೆ ಬಿಡಬೇಡಿ. ಲಕ್ವಾ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಊಟ, ನಿದ್ದೆ ಕೆಟ್ಟರೆ, ತಮಾಷೆಯೇ ನಿಂತುಹೋದರೆ ಡಾಕ್ಟರಿಗೆ ಹೇಳಿ. ಕೆಲವರಿಗೆ ಮಿದುಳಿನ ಪೆಟ್ಟಿನಿಂದಲೇ ಕಾರಣ ಇಲ್ಲದೆ ನಗು, ಅಳು ಬರುತ್ತೆ. ಅದಕ್ಕೂ ಔಷಧಿ ಇದೆ.

ಇನ್ನೊಂದು. ಜೊತೆಗೂಡಿ ಗಟ್ಟಿಯಾಗಿ ನಕ್ಕ ಮೇಲೆ ನೋವು ತಾಳುವ ಶಕ್ತಿ ಜಾಸ್ತಿ ಆಗುತ್ತೆ ಅಂತ 2011ರಲ್ಲಿ ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ತಂಡ ತೋರಿಸಿದೆ. ಹಾಗಾಗಿ ಮೊಮ್ಮಗಳ ಒಗಟು ವ್ಯಾಯಾಮದ ಮುಂಚೆ ಇರಲಿ.

ಅವ್ವನ ಜೊತೆ ಒಂದು ಸಂಜೆ ಕೂತು ಮಾತಾಡಿ. ಹಗಲು ರಾತ್ರಿ ಆರೈಕೆ ಮಾಡೋರು ಅವರು. ಯಾರೂ ಅವರನ್ನು ಕೇಳಿರಲಿಕ್ಕಿಲ್ಲ.

ಮಗ್ಗದಮನೆ (ಗದಗ-ಬೆಟಗೇರಿ):
ಇಬ್ಬರಿಗೂ ಕೈ ಮುಗೀತೀನಿ. ಅವ್ವನ ಜೊತೆ ಕೂತೆ. ಜಾಸ್ತಿ ಮಾತಾಡಲಿಲ್ಲ, ಅತ್ತಳು. ಇವತ್ತು ಬೆಳಿಗ್ಗೆ ಒದ್ದೆ ಟವೆಲ್ ಹಿಂಡುವ ವ್ಯಾಯಾಮ ಮಾಡಿಸುವಾಗ ಅಪ್ಪನ ಎಡಗೈ ಹೆಬ್ಬೆರಳು ತಾನಾಗಿ ಒಂಚೂರು ಮಡಚಿತು. ಅಪ್ಪ ಅದನ್ನೇ ನೋಡುತ್ತಾ ಅಡುಗೆಮನೆ ಕಡೆ ಕೂಗಿದರು: "ಏ, ಅಳಿಯ ಬಂದಾನ, ಚಾ ಇಡು!" ಮೊದಲು ನಕ್ಕವಳು ಅವ್ವ.